ಇವತ್ತು ಅಡಿಕೆ ಹರವೋದಾ, ಬೇಡ್ವಾ?

ನವೆಂಬರ್ ತಿಂಗಳ ಬೆಳಗ್ಗೆ ಏಳು ಗಂಟೆಗೆ ತೀರ್ಥಹಳ್ಳಿ ಕಡೆಯ ಯಾವ ಮನೆಗಾದರೂ ಹೋಗಿ. ತೋಟದ ಮೇಲೆ ಮಂಜು. ಹಂಡೆ ಕೆಳಗೆ ಬೆಂಕಿ. ಜಗಲಿಯಲ್ಲಿ ಒಬ್ಬರು ಮೊಬೈಲ್ ಹಿಡಿದು ಕೂತಿರುತ್ತಾರೆ. ಮೊಬೈಲ್ ಮಳೆ ಅನ್ನುತ್ತದೆ, ಆಕಾಶ ನೋಡಿದರೆ ಹಾಗೇನೂ ಕಾಣುವುದಿಲ್ಲ. ಬೇಯಿಸಿದ ಅಡಿಕೆ ಬುಟ್ಟಿಯಲ್ಲಿ ಕಾಯುತ್ತಿದೆ.

ಮುನ್ಸೂಚನೆಯೇ ಸುಳ್ಳು ಎಂದು ಬೈದು ಸುಮ್ನಾಗುವುದು ಸುಲಭ. ನಾನೂ ವರ್ಷಗಟ್ಟಲೆ ಬೈದವನೇ. ಆಮೇಲೆ ಗೊತ್ತಾಯಿತು, ಎಲ್ಲ ಕೆಲಸಕ್ಕೂ ಒಂದೇ ಮುನ್ಸೂಚನೆ ನೋಡುತ್ತಿದ್ದುದೇ ನನ್ನ ತಪ್ಪು. ಕೊನೆ, ಅಂದರೆ ಅಡಿಕೆ ಗೊನೆ, ತೆಗೆಸುವಾಗ ಮುಂದಿನ ಐದು ದಿನ ನೋಡಬೇಕು. ಬೇಯಿಸುವಾಗ ಎರಡು ದಿನ. ಹರವುವಾಗ ಇವತ್ತು. ಮುಚ್ಚುವಾಗ ಬರೀ ಅರ್ಧ ಗಂಟೆ. ಒಂದೊಂದಕ್ಕೂ ನೋಡುವ ಜಾಗ ಬೇರೆ.

ಮೊದಲು ಗಡಿಯಾರ ಹಿಡಿಯಿರಿ

ಮಳೆ ಇಲ್ಲದ ದಿನವೇ ಒಂದು ಪರೀಕ್ಷೆ ಮಾಡಿ. ಅಂಗಳದ ತುಂಬ ಹರವಿದ ಅಡಿಕೆಯನ್ನು ಗುಡ್ಡೆ ಮಾಡಿ ಪೂರ್ತಿ ಮುಚ್ಚಲು ಎಷ್ಟು ನಿಮಿಷ ಬೇಕು, ನೋಡಿ. ಮನೆಯಲ್ಲಿ ಎಲ್ಲರೂ ಇದ್ದಾಗ ಅಲ್ಲ, ಇಬ್ಬರೇ ಇದ್ದಾಗ. ನಮ್ಮಲ್ಲಿ 22 ನಿಮಿಷ ಹಿಡಿಯಿತು. ಹತ್ತು ನಿಮಿಷ ಸಾಕು ಎಂದುಕೊಂಡಿದ್ದೆ.

ಹನಿ ಬೀಳುವ 22 ನಿಮಿಷ ಮೊದಲೇ ನಾನು ಎದ್ದಿರಬೇಕು ಎಂದಾಯಿತು. ಎದುರು ಗುಡ್ಡದ ಮೇಲೆ ಮಳೆ ಕಂಡ ಮೇಲೆ ನಮ್ಮ ಅಂಗಳಕ್ಕೆ ಬರಲು ಕೆಲವೊಮ್ಮೆ ಅಷ್ಟು ಹೊತ್ತೂ ಹಿಡಿಯುವುದಿಲ್ಲ. ನಿಮ್ಮ ಲೆಕ್ಕ ಅರ್ಧ ಗಂಟೆ ದಾಟಿದರೆ ಹರವುವ ಜಾಗವನ್ನೇ ಕಡಿಮೆ ಮಾಡಿ. ಇಲ್ಲವೇ ಅಡಿಕೆಯನ್ನು ಗುಡ್ಡೆ ಮಾಡದೆಯೇ ಮುಚ್ಚುವ ಹಾಗೆ, ಪೈಪಿಗೆ ಸುತ್ತಿದ ಟಾರ್ಪಾಲ್ ಉರುಳಿಸುವ ವ್ಯವಸ್ಥೆ ಮಾಡಿಕೊಳ್ಳಿ.

ಕೊನೆ ತೆಗೆಸುವ ಮುಂಚೆ

ಇಲ್ಲಿ ನೋಡಬೇಕಾದದ್ದು ಬಂಗಾಳ ಕೊಲ್ಲಿ. ಜೂನ್‌ನಲ್ಲಿ ನಮ್ಮ ಮಳೆ ಪಶ್ಚಿಮದಿಂದ ಬರುತ್ತದೆ, ಅಡಿಕೆ ಸುಗ್ಗಿಯ ಮಳೆ ಪೂರ್ವದಿಂದ. 2024ರಲ್ಲಿ ಫೆಂಜಲ್ ಚಂಡಮಾರುತ ನವೆಂಬರ್ 30ರಂದು ಪುದುಚೇರಿ ಹತ್ತಿರ ದಡ ಸೇರಿತು. ‘ಅದು ತಮಿಳುನಾಡಿನ ಕಥೆ’ ಎಂದು ನಾವು ನಿಶ್ಚಿಂತೆಯಿಂದ ಇದ್ದೆವು. ಅದರ ಉಳಿಕೆ ಒಳನಾಡು ದಾಟಿ ಅರಬ್ಬೀ ಸಮುದ್ರದ ಕಡೆ ಹೊರಟಿತು, ದಾರಿಯಲ್ಲಿ ನಾವಿದ್ದೆವು. ಡಿಸೆಂಬರ್ ಮೊದಲ ವಾರದಲ್ಲಿ ಎರಡು ಹಂಡೆ ಅಡಿಕೆ ಬೂಷ್ಟು ಹಿಡಿಯಿತು. ನಾನು ನಂಬಿದ್ದ ಮೊಬೈಲ್ ಆ್ಯಪ್ ಆ ದಿನ ಸೂರ್ಯನ ಚಿತ್ರ ತೋರಿಸುತ್ತಿತ್ತು.

ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ನಾಲ್ಕೈದು ದಿನ ಕೊನೆ ತೆಗೆಸಬೇಡಿ. ಹವಾಮಾನ ಇಲಾಖೆ ರೈತರಿಗಾಗಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಐದು ದಿನದ ಮುನ್ಸೂಚನೆ ಕೊಡುತ್ತದೆ. 'ಮೇಘದೂತ್' ಆ್ಯಪ್‌ನಲ್ಲಿ ಕನ್ನಡದಲ್ಲೂ ಸಿಗುತ್ತದೆ. ಈ ಹಂತಕ್ಕೆ ಅಷ್ಟು ಸಾಕು.

ಕಷ್ಟ ಇರುವುದು ಬೇರೆ ಕಡೆ. ‘ಗೌಡ್ರೆ, ನಾಳೆ ಬಿಟ್ರೆ ಇನ್ನು ಹದಿನೈದು ದಿನ ನಾ ಸಿಗೋದಿಲ್ಲ’ ಎಂದು ಕೊನೆಗಾರ ಹೇಳಿದರೆ ಕೊಲ್ಲಿಯೂ ಇಲ್ಲ, ಕುಸಿತವೂ ಇಲ್ಲ. ಮರದಲ್ಲೇ ಬಿಟ್ಟರೆ ಕಾಯಿ ಬಲಿತು ‘ರಾಶಿ’ ಎಂಬ ಒಳ್ಳೆ ದರದ ಬಗೆ ಆಗಬೇಕಾದದ್ದು ‘ಗೊರಬಲು’ ಎಂಬ ಕೀಳು ಬಗೆ ಆಗುತ್ತದೆ, ದರ ಬೀಳುತ್ತದೆ. ಅಂಥ ಸಮಯದಲ್ಲಿ ನಾನು ಕೊನೆ ತೆಗೆಸಿಬಿಡುತ್ತೇನೆ, ಆದರೆ ಸುಲಿಸುವುದಿಲ್ಲ. ನೆರಳಿನಲ್ಲಿ, ಗಾಳಿಯಾಡುವ ಕಡೆ ತೆಳ್ಳಗೆ ಹಾಕಿದರೆ ಕೊನೆಯಲ್ಲಿರುವ ಕಾಯಿ ಎರಡು ಮೂರು ದಿನ ತಡೆಯುತ್ತದೆ. ಸುಲಿದದ್ದು ತಡೆಯುವುದಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈಗ ನೆಲದಲ್ಲೇ ನಿಂತು ಕೊನೆ ತೆಗೆಯಲು ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದು ಹಗುರ, ಆದರೆ ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟ್ ತಂತಿ ಹತ್ತಿರ ಅದನ್ನು ಎತ್ತಬೇಡಿ, ಗುಡುಗು ಕೇಳಿದ ಕೂಡಲೇ ಕೆಳಗಿಡಿ. ಸಿಡಿಲು ಎಲ್ಲಿ ಬೀಳುತ್ತಿದೆ ಎಂದು ನೋಡಲು 'ದಾಮಿನಿ' ಆ್ಯಪ್ ಇದೆ.

ಮುನ್ಸೂಚನೆಯ ಭಾಷೆ

ನಾವು ಎಡವುವುದು ಹೆಚ್ಚಾಗಿ ಇಲ್ಲೇ. ರೇಡಿಯೊದಲ್ಲಿ ‘ಒಂದೆರಡು ಕಡೆ ಮಳೆ’ ಅನ್ನುತ್ತಾರೆ, ‘ಹಲವು ಕಡೆ’ ಅನ್ನುತ್ತಾರೆ. ಬಾಯಿಗೆ ಬಂದಂತೆ ಹೇಳುವ ಮಾತಲ್ಲ ಅದು, ಅದಕ್ಕೆ ಲೆಕ್ಕ ಇದೆ. ಒಂದೆರಡು ಕಡೆ ಎಂದರೆ ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ 25ರಲ್ಲಿ ಮಳೆ. ಕೆಲವು ಕಡೆ ಎಂದರೆ ಅರ್ಧದವರೆಗೆ. ಹಲವು ಕಡೆ ಎಂದರೆ ಮುಕ್ಕಾಲು ಭಾಗದವರೆಗೆ. ಬಹುತೇಕ ಕಡೆ ಎಂದರೆ ಅದಕ್ಕೂ ಜಾಸ್ತಿ. ಒಂದೆರಡು ಕಡೆ ಎಂದ ದಿನ ನಮ್ಮಲ್ಲಿ ಮಳೆ ಬಾರದಿದ್ದರೆ ಮುನ್ಸೂಚನೆ ಸುಳ್ಳಾಗಲಿಲ್ಲ. ಪಕ್ಕದೂರಿನಲ್ಲಿ ಸುರಿದಿರುತ್ತದೆ.

ಮಳೆಯ ಪ್ರಮಾಣಕ್ಕೂ ಹಾಗೇ. ಇಲಾಖೆಯ ಲೆಕ್ಕದಲ್ಲಿ ‘ಹಗುರ ಮಳೆ’ ಎಂದರೆ 2.5ರಿಂದ 15.5 ಮಿ.ಮೀ. ‘ಭಾರೀ ಮಳೆ’ ಎನ್ನಲು 24 ಗಂಟೆಯಲ್ಲಿ 64.5 ಮಿ.ಮೀ. ದಾಟಬೇಕು. ಹಳದಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಗಳು ಹೆಚ್ಚಾಗಿ ಭಾರೀ ಮಳೆಗೆ, ಗುಡುಗು-ಗಾಳಿಗೆ. ಅಡಿಕೆ ಕೆಡಲು ಅಷ್ಟೆಲ್ಲ ಬೇಡ, ಎರಡು ಮಿ.ಮೀ. ಜಿಟಿಜಿಟಿ ಸಾಕು. ಅಲರ್ಟ್ ಇಲ್ಲ ಎಂದು ಅಂಗಳ ಬಿಟ್ಟು ಪೇಟೆಗೆ ಹೋದವರು ಪೆಚ್ಚಾಗುವುದು ಇದಕ್ಕೇ.

ಇನ್ನು ಜಿಲ್ಲೆಯ ಮುನ್ಸೂಚನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಎರಡೂ ಒಂದೇ ಜಿಲ್ಲೆ! 2025ರ ಮೇ ತಿಂಗಳಲ್ಲಿ ಹವಾಮಾನ ಇಲಾಖೆ ಆರು ಕಿಲೋಮೀಟರ್ ಚೌಕದಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕುವ ಹೊಸ ಮಾದರಿ ತಂದಿತು. ಮೊದಲು ಅದು 12 ಕಿಲೋಮೀಟರ್ ಇತ್ತು. ಒಳ್ಳೆಯದೇ. ಆದರೆ ನಮ್ಮ ಕಡೆ ಆರು ಕಿಲೋಮೀಟರ್‌ನಲ್ಲಿ ಎರಡು ಗುಡ್ಡ, ಒಂದು ಹೊಳೆ, ಮೂರು ಬಗೆಯ ಮಳೆ ಇರುತ್ತದೆ.

ಅದಕ್ಕೇ ಹತ್ತಿರದ ಅಳತೆ ನೋಡುವುದು ಒಳ್ಳೆಯದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಅವು ಮಾಹಿತಿ ಕಳಿಸುತ್ತವೆ. ನಮಗಿಂತ ಪೂರ್ವಕ್ಕಿರುವ ಪಂಚಾಯ್ತಿಯಲ್ಲಿ ಈಗ ಮಳೆ ಶುರುವಾಗಿದೆಯೇ ಎಂದು ತಿಳಿಯುವುದು, ನಾಳೆ ಏನಾಗುತ್ತದೆ ಎಂದು ಕೇಳುವುದಕ್ಕಿಂತ ಎಷ್ಟೋ ಪಾಲು ಉಪಯೋಗ. ಆ ಊರಿನಲ್ಲಿ ನೆಂಟರಿದ್ದರೆ ಒಂದು ಫೋನ್ ಮಾಡಿದರೂ ಆಯಿತು.

ಬೆಳಗ್ಗೆ ಎದ್ದ ಕೂಡಲೇ

ಅಂಗಳಕ್ಕೆ ಇಳಿದು ಹುಲ್ಲು ಮುಟ್ಟಿ. ಇಬ್ಬನಿ ಚೆನ್ನಾಗಿ ಬಿದ್ದಿದ್ದರೆ ರಾತ್ರಿ ಆಕಾಶ ತಿಳಿಯಾಗಿತ್ತು ಎಂದರ್ಥ. ಮೋಡ ಇಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಅಂಥ ದಿನ ಮಂಜು ಎಷ್ಟೇ ದಟ್ಟ ಇರಲಿ, ಒಂಬತ್ತು ಹತ್ತಕ್ಕೆ ಬಿಸಿಲು ಬರುವುದೇ ಹೆಚ್ಚು. ಹುಲ್ಲು ಒಣಗಿದ್ದು, ರಾತ್ರಿ ಕಂಬಳಿ ಬೇಡ ಅನ್ನಿಸಿದ್ದರೆ ಮೇಲೆ ಮೋಡ ಕೂತಿದೆ. ಆ ದಿನ ಹೊಸ ಹಂಡೆ ಹೂಡಬೇಡಿ.

ಹಿಂದಿನ ರಾತ್ರಿ ಚಂದ್ರನ ಸುತ್ತ ದೊಡ್ಡ ಬಳೆ ಕಂಡಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಹಳ ಎತ್ತರದ ತೆಳು ಮೋಡದಲ್ಲಿ ಮಂಜುಗಡ್ಡೆಯ ಸಣ್ಣ ಹರಳುಗಳಿರುತ್ತವೆ, ಬೆಳಕು ಅದರಲ್ಲಿ ಬಾಗಿ ಬಳೆಯಾಗುತ್ತದೆ. ದೂರದ ಚಂಡಮಾರುತ ತನ್ನ ಮುಂದೆ ಇಂಥ ಮೋಡ ಚಾಚಿರುವುದುಂಟು. ಮಲೆನಾಡಿಗೆ ಹಿಮ ಬರುವುದು ಅಷ್ಟು ಎತ್ತರದವರೆಗೆ ಮಾತ್ರ ಅನ್ನಿ.

ಹಿಮ ಅಂದಾಗ ನೆನಪಾಯಿತು. ಅಕ್ಕನ ಮಗ ಕೆನಡಾದಲ್ಲಿದ್ದಾನೆ. ‘ಮಾವ, ಇಲ್ಲೂ ಅಷ್ಟೇ. ಹತ್ತು ಸೆಂಟಿಮೀಟರ್ ಹಿಮ ಅಂದ್ರು, ಬರೀ ಮಳೆ ಬಂತು’ ಎಂದ. ಒಂದು ಸೆಂಟಿಮೀಟರ್ ಮಳೆ ಹಿಮವಾಗಿ ಬಿದ್ದರೆ ಸುಮಾರು ಹತ್ತು ಸೆಂಟಿಮೀಟರ್ ಆಗುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಒಂದು ಡಿಗ್ರಿ ಆಚೀಚೆ ಆದರೂ ಎಲ್ಲ ಬದಲಾಗುತ್ತದೆ. ಹಾಗಾಗಿ ಅವನು ಅಂಕಿ ನೋಡಿ ಕೂರುವುದಿಲ್ಲ. ಚಳಿಗಾಲ ಪೂರ್ತಿ ಬಾಗಿಲ ಬಳಿ ಸಲಿಕೆ, ಮೆಟ್ಟಿಲಿಗೆ ಎರಚಲು ಉಪ್ಪಿನ ಚೀಲ ಇಟ್ಟಿರುತ್ತಾನೆ. ನನ್ನ ಟಾರ್ಪಾಲ್ ಆಗ ಅಟ್ಟದ ಮೂಲೆಯಲ್ಲಿತ್ತು, ಇಲಿ ಕಡಿದು ತೂತಾಗಿತ್ತು. ಮಾರನೇ ದಿನವೇ ಕೆಳಗಿಳಿಸಿದೆ.

ಹರವುವಾಗ, ಮುಚ್ಚುವಾಗ

ಬೇಯಿಸಿದ ಮೊದಲ ಎರಡು ದಿನದ ಅಡಿಕೆ ಬಹಳ ಸೂಕ್ಷ್ಮ. ಅದನ್ನು ಮನೆಗೆ ಹತ್ತಿರ, ಬೇಗ ಒಳಗೆ ಸಾಗಿಸುವ ಕಡೆ ಹರವಿ. ನಾಲ್ಕೈದು ದಿನ ಒಣಗಿದ್ದು ಅಂಗಳದ ಆ ತುದಿಗೆ ಇರಲಿ. ಮಳೆ ಬಂದಾಗ ಯಾವುದನ್ನು ಮೊದಲು ಎತ್ತಬೇಕು ಎಂಬ ಜಗಳ ಇದರಿಂದ ತಪ್ಪುತ್ತದೆ. ನಮ್ಮ ಮನೆಯಲ್ಲಿ ಪೂರ್ತಿ ತಪ್ಪಿಲ್ಲ.

ಪ್ಲಾಸ್ಟಿಕ್ ಟಾರ್ಪಾಲನ್ನು ನೇರವಾಗಿ ಅಡಿಕೆ ಮೇಲೆ ಹಾಸಬೇಡಿ. ಒಳಗಿನ ತೇವ ಹೊರಗೆ ಹೋಗದೆ ಬೆವರುತ್ತದೆ, ಮಳೆ ಬರದಿದ್ದರೂ ಅಡಿಕೆ ಒದ್ದೆ. ನಡುವೆ ಬಿದಿರು ಅಥವಾ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಎತ್ತಿ ಕಟ್ಟಿ ಇಳಿಜಾರು ಮಾಡಿ, ಎರಡು ಬದಿ ಗಾಳಿಗೆ ಬಿಡಿ. ಇಳಿಜಾರು ಇಲ್ಲದಿದ್ದರೆ ಏನಾಗುತ್ತದೆ ನೋಡಿ: ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್ ನೀರು. ಒಂಬತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ಟಾರ್ಪಾಲ್ ಮೇಲೆ ಹತ್ತು ಮಿ.ಮೀ. ಬಿದ್ದರೆ 540 ಲೀಟರ್. ಯಾವ ಹಗ್ಗ ತಡೆಯುತ್ತದೆ?

ಸಂಜೆ ಇಬ್ಬನಿಗೆ ಮುಚ್ಚಲು ಹಳೆಯ ಸೀರೆ, ಗೋಣಿತಾಟು ಸಾಕು. ಬೆಳಗ್ಗೆ ಇಬ್ಬನಿ ಆರುವ ಮೊದಲು ತೆಗೆಯಬೇಡಿ. ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಒಣಗಿಸುವ ಮನೆ, ಇದ್ದವರಿಗೆ ಈ ಒದ್ದಾಟ ಕಡಿಮೆ, ಆದರೆ ಅದರಲ್ಲೂ ಗಾಳಿ ಹೋಗಲು ಕಿಂಡಿ ಬೇಕು.

ನೆನೆದೇಬಿಟ್ಟರೆ

ಗುಡ್ಡೆ ಹಾಕಿ ಮುಚ್ಚಬೇಡಿ, ಒಳಗೇ ಬಿಸಿಯಾಗಿ ಬೂಷ್ಟು ಬೇಗ ಏಳುತ್ತದೆ. ನೆನೆದದ್ದನ್ನು ಬೇರೆ ಮಾಡಿ. ಜಗಲಿ, ಹಜಾರ, ಮಕ್ಕಳ ಕೋಣೆ, ಎಲ್ಲಿ ಜಾಗ ಇದೆಯೋ ಅಲ್ಲಿ ಒಂದೇ ಪದರವಾಗಿ ಹರವಿ ಫ್ಯಾನ್ ಹಾಕಿ. ಕರೆಂಟ್ ಹೋಗುವುದೂ ಅದೇ ಹೊತ್ತಿಗೆ, ಅಲ್ವಾ? ಆಗ ಹಳೆಯ ದಾರಿಯೇ ಗತಿ: ಒಲೆ ಮೇಲಿನ ಅಟ್ಟಕ್ಕೆ ಏರಿಸಿ, ಸಣ್ಣ ಬೆಂಕಿ ಇಡಿ. ಅದಕ್ಕೆ ಒಣ ಸೌದೆ ಬೇಕು, ಹಾಗಾಗಿ ಟಾರ್ಪಾಲ್ ಕೊಳ್ಳುವಾಗ ಸೌದೆಗೂ ಒಂದು ಕೊಳ್ಳಿ.

ಬಿಸಿಲು ಬಂದ ಮೇಲೆ ಅದನ್ನು ಬೇರೆಯಾಗಿಯೇ ಒಣಗಿಸಿ, ಬೇರೆ ಚೀಲದಲ್ಲಿ ತುಂಬಿ, ಚೀಲಕ್ಕೊಂದು ಗುರುತು ಮಾಡಿ. ಒಳ್ಳೆಯ ರಾಶಿಯೊಳಗೆ ಸೇರಿಸಿದರೆ ಯಾರಿಗೆ ಗೊತ್ತಾಗುತ್ತದೆ ಅನ್ನಿಸಬಹುದು. ಮಂಡಿಯಲ್ಲಿ ಚೀಲಕ್ಕೆ ಕೈ ಹಾಕಿ ಎರಡು ಅಡಿಕೆ ಒಡೆದು ನೋಡುತ್ತಾರಲ್ಲ, ಅವರ ಕೈಗೆ ಸಿಗುವುದು ಅದೇ ಎರಡು.