ಅಂಚಿನಿಂದ ನಡುವಿಗೆ: ನನ್ನ ಕೌದಿ ಕೊನೆಗೂ ಸಪಾಟಾಗಿ ಬಂತು

ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುವ ಕೌದಿಯನ್ನು ನಮ್ಮ ಗುಂಪಿನಲ್ಲಿ ಯಾರೂ ಹೊಲಿಯುತ್ತಿರಲಿಲ್ಲ. ಧಾರವಾಡದ ನಾವೆಲ್ಲ ಪದರ ಹಾಸಿ, ಅವು ಜಾರದಂತೆ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಉದ್ದಕ್ಕೆ ಸಾಲು ಹಿಡಿಯುವವರು. ನಾನು ಈ ದಾರಿ ಹಿಡಿದಾಗ ಗುಂಪಿನ ಹಿರಿಯ ಕಾಕು ಒಬ್ಬರು ಎಲ್ಲರ ಮುಂದೆಯೇ ಅಂದರು: "ನಡುವ ಗುಡ್ಡ ಏಳತೈತಿ ನೋಡವಾ, ಬರದು ಕೊಡ್ತೀನಿ." ಈಗ ಅದೇ ಕಾಕು ಮೊಮ್ಮಗನ ತೊಟ್ಟಿಲಿಗೆ ಅಂತ ನನ್ನ ಕೈಯಿಂದಲೇ ಒಂದು ಮಾಡಿಸಿಕೊಂಡಿದ್ದಾರೆ. ರೊಕ್ಕ ಕೊಟ್ಟೇ ಒಯ್ದರು, ಅದನ್ನೂ ಹೇಳಿಬಿಡುತ್ತೇನೆ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವುದೇ ಹೀಗೆ. ಕೆಳಗೆ ಒಂದು ಸೀರೆ, ಮೂಲೆಯಿಂದ ಶುರು, ಅಂಚು ಮಡಿಸುತ್ತಾ ತುಂಡು ಕೂಡಿಸುತ್ತಾ ಒಳಗೆ ಬರುವುದು. ಚೌಕಟ್ಟು ಇಲ್ಲ, ಕಚ್ಚಾ ಹೊಲಿಗೆ ಇಲ್ಲ, ಪೆನ್ಸಿಲ್ ಗೆರೆ ಇಲ್ಲ. ಹಳಿಯಾಳ ನಮಗೆ ಬಸ್ಸಿನಲ್ಲಿ ತಾಸಿನ ದಾರಿ. ಅಲ್ಲಿ ಅಂಗಳದಲ್ಲಿ ಕೂತು ಹೊಲಿಯುವುದನ್ನು ನೋಡಿದರೆ, ಅಯ್ಯೋ ಇಷ್ಟೇನಾ ಅನಿಸುತ್ತದೆ. ಮನೆಗೆ ಬಂದು ಸೂಜಿ ಹಿಡಿದಾಗ ಗೊತ್ತಾಗುತ್ತದೆ.

ಮೊದಲನೆಯದು ಕಾಕು ಹೇಳಿದಂತೆಯೇ ಆಯಿತು. ನಡುವೆ ಪೂರಿ ಉಬ್ಬಿದ ಹಾಗೆ ಉಬ್ಬಿತು. ಎರಡನೆಯದು ಸ್ವಲ್ಪ ಕಡಿಮೆ, ಆದರೂ ಮಲಗಿದರೆ ಬೆನ್ನಿಗೆ ಮಡಿಕೆ ಸಿಗುತ್ತಿತ್ತು. ಅದನ್ನು ಬಿಚ್ಚಲಿಲ್ಲ, ನಾಯಿಗೆ ಹಾಸಿದೆ. ನಾಯಿ ದೂರು ಹೇಳಲಿಲ್ಲ. ಮೂರನೆಯದನ್ನು ಹೊಲಿಯುವ ಮುಂಚೆ ಟೇಪ್ ಹಿಡಿದು ಅಳೆದೆ. ಸೀರೆಯ ಒಂದು ಪನ್ನ, ಅಂದರೆ ಬಟ್ಟೆಯ ಪೂರ್ತಿ ಅಗಲ; ಆರೂವರೆ ಅಡಿ ಉದ್ದ. ಅಂಚಿನ ನಾಲ್ಕೈದು ಸುತ್ತು ಮುಗಿಯುವಷ್ಟರಲ್ಲಿ ಅಗಲದಲ್ಲಿ ಹೆಚ್ಚುಕಡಿಮೆ ಮೂರು ಇಂಚು ಕುಗ್ಗಿತ್ತು. ನಡುವಿನ ಬಟ್ಟೆ ಮಾತ್ರ ಅಷ್ಟೇ ಇದೆ. ಅಂಚು ಕುಗ್ಗಿ ನಡು ಹಾಗೇ ಉಳಿದರೆ ಆ ಬಟ್ಟೆ ಎಲ್ಲಿಗೆ ಹೋಗಬೇಕು? ಮೇಲಕ್ಕೇ ಏಳಬೇಕು. ಅಂದರೆ ತಕರಾರು ನಡುವಿನದಲ್ಲ, ಅಂಚಿನದು. ಇಷ್ಟು ಹೊಳೆದ ಮೇಲೆ ಅರ್ಧ ಕೆಲಸ ಆದಂತೆಯೇ.

ಈಗ ನಾನು ಮಾಡುವುದು ಹೀಗೆ. ಹೊರಗಿನ ಐದಾರು ಸುತ್ತು ದಾರ ಎಳೆಯುವುದೇ ಇಲ್ಲ. ಸುಮ್ನೆ ಹಾಯಿಸಿ ಬಿಡುವುದು. ಒಂದು ಗೇಣು ಹೊಲಿದ ಮೇಲೆ ಎರಡೂ ಹೆಬ್ಬೆರಳಿನಿಂದ ಬಟ್ಟೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಜಗ್ಗಿ ಬಿಡಬೇಕು. ಆಗ ಒಳಗೆ ಬಿಗಿದುಕೊಂಡ ದಾರ ಸರಕ್ ಅಂತ ಜಾರಿ ಸಮ ಆಗುತ್ತದೆ. ಕೈಗೆ ಗೊತ್ತಾಗುತ್ತದೆ. ಗಂಟು ಹಾಕುವುದು ಈ ಜಗ್ಗಾಟ ಮುಗಿದ ಮೇಲೆ. ಮೊದಲೇ ಗಂಟು ಬಿಗಿದರೆ ಮಾಡಿದ್ದೆಲ್ಲ ದಂಡ. ಸಾಲುಗಳ ನಡುವೆ ಒಂದು ಬೆರಳಿನ ಅಗಲ ಬಿಡುತ್ತೇನೆ. ಇನ್ನೂ ಹತ್ತಿರ ಹಿಡಿದರೆ ಚೆಂದ ಕಾಣುತ್ತದೆ ನಿಜ, ಕುಗ್ಗುವುದೂ ಜಾಸ್ತಿ.

ತುಂಡುಗಳನ್ನು ಮೊದಲೇ ಕತ್ತರಿಸಿ ಜೋಡಿಸಿ ಇಡುವ ಚಟ ನಮಗೆಲ್ಲ ಇದೆ ಅಲ್ವಾ? ಅದನ್ನು ಬಿಟ್ಟೆ. ಆಯಾ ಸುತ್ತಿಗೆ ಬೇಕಾದಷ್ಟೇ ಕತ್ತರಿಸುವುದು. ನಡುವಿನ ತುಂಡನ್ನು ಅಲ್ಲಿಗೆ ತಲುಪಿದ ಮೇಲೇ ಅಳೆಯುವುದು. ಒಳಪದರದ ವಿಷಯವೂ ಹಾಗೇ. ಒಂದೇ ಅಖಂಡ ಸೀರೆ ಹಾಕಿದರೆ ಅದೂ ನಡುವೆ ಗುಡ್ಡೆ ಆಗುತ್ತದೆ. ಎರಡು ಭಾಗ ಮಾಡಿ, ನಡುವೆ ಒಂದರ ಮೇಲೊಂದು ಗೇಣಿನಷ್ಟು ಬರುವ ಹಾಗೆ ಹಾಸಿ, ಅಲ್ಲಿ ಹೊಲಿಯದೆ ಸಡಿಲ ಬಿಡುತ್ತೇನೆ. ಕುಗ್ಗಿದಂತೆಲ್ಲ ಅವು ಒಂದರ ಮೇಲೊಂದು ಸರಿಯುತ್ತವೆ, ಮಡಿಕೆ ಬೀಳುವುದಿಲ್ಲ. ಕೆಳಗಿನ ಸೀರೆ? ಅದಕ್ಕೂ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮಳೆಗಾಲ ಪೂರ್ತಿ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು. ಗುಂಪಿಗೆ ಬಂದರೆ ತೋರಿಸುತ್ತೇನೆ.

ಬಟ್ಟೆಯ ಕಥೆ ಇನ್ನೂ ಉದ್ದ. ಹತ್ತು ಹದಿನೈದು ವರ್ಷ ಉಟ್ಟು ಒಗೆದು ಮೆತ್ತಗಾದ ಹತ್ತಿ ಸೀರೆಗೆ ಸಮ ಯಾವುದೂ ಇಲ್ಲ. ಅದು ಕುಗ್ಗುವಷ್ಟು ಕುಗ್ಗಿ ಆಗಿರುತ್ತದೆ. ಹೊಸ ಪಾಪ್ಲಿನ್ ಕೂಡಿಸಿದರೆ ಮೊದಲ ಒಗೆತದಲ್ಲೇ ಸುತ್ತಲಿನ ತುಂಡನ್ನೆಲ್ಲ ಎಳೆದುಕೊಳ್ಳುತ್ತದೆ. ಸಿಂಥೆಟಿಕ್ ಸೀರೆ ಬೇಡವೇ ಬೇಡ. ಸೂಜಿ ಜಾರುತ್ತದೆ, ಬೇಸಿಗೆಯಲ್ಲಿ ಬೆವರು ಹೀರುವುದಿಲ್ಲ. ಇಳಕಲ್ಲ ಸೀರೆಯ ಒಡಲು ಹತ್ತಿ ಇದ್ದರೂ ಸೆರಗು ಬೇರೆ ನೂಲಿನದು. ಎರಡನ್ನೂ ಅಕ್ಕಪಕ್ಕ ಹಾಕಿದರೆ ಒಂದು ಕುಗ್ಗುತ್ತದೆ, ಇನ್ನೊಂದು ನಗುತ್ತಾ ಕೂರುತ್ತದೆ. ಸೆರಗನ್ನು ಬೇರೆ ತೆಗೆದಿಟ್ಟು ಮೂಲೆಗೆ ಬಳಸುತ್ತೇನೆ. ಗುಳೇದಗುಡ್ಡದ ಖಣ, ಅದೇ ಕುಪ್ಪಸದ ಬಟ್ಟೆ, ಅಂದರೆ ನನಗೆ ಪ್ರಾಣ. ಆದರೆ ಕತ್ತರಿಸಿದ ಕೂಡಲೇ ಎಳೆ ಬಿಚ್ಚಿಕೊಳ್ಳುತ್ತದೆ. ಅರ್ಧ ಇಂಚು ಜಾಸ್ತಿ ಬಿಟ್ಟು ಎರಡು ಸಲ ಮಡಿಸಬೇಕು. ಆ ಜಾಗದಲ್ಲಿ ಪದರ ದಪ್ಪಗಾಗಿ ಸೂಜಿ ಮುರಿಯುತ್ತದೆ. ಮುರಿದ ಸೂಜಿಗಳಿಗೆಂದೇ ಒಂದು ಡಬ್ಬಿ ಇಟ್ಟಿದ್ದೇನೆ.

ಬಣ್ಣ ಬಿಡುವುದು ಬೇರೆ ತಲೆನೋವು. ಕೆಂಪು, ಮೆರೂನ್ ಯಾವುದನ್ನೂ ನಂಬಬೇಡಿ. ಉಪ್ಪುನೀರಲ್ಲಿ ನೆನೆಸಿದರೆ ನಿಲ್ಲುತ್ತದೆ ಅನ್ನುವುದು ನನ್ನ ಬಕೆಟ್ಟಿನಲ್ಲಿ ಯಾವತ್ತೂ ನಿಜ ಆಗಿಲ್ಲ. ಒದ್ದೆ ಬಿಳಿ ಕರವಸ್ತ್ರದಿಂದ ತಿಕ್ಕಿ ನೋಡಿ. ಗುಲಾಬಿ ಆದರೆ ಆ ಬಟ್ಟೆ ಬಿಳಿ ಧೋತರದ ಪಕ್ಕಕ್ಕೆ ಬರಕೂಡದು, ಮುಗೀತು.

ಮಧ್ಯೆ ಗಂಜಿಯ ಪ್ರಯೋಗ ಒಂದು ನಡೆಯಿತು. ಹಳೇ ಬಟ್ಟೆ ತೀರಾ ಮೆತ್ತಗೆ, ಅಂಚು ಮಡಿಸಿದರೆ ನಿಲ್ಲುವುದಿಲ್ಲ. ಅನ್ನದ ಗಂಜಿ ತಿಳಿ ಮಾಡಿ ತುಂಡುಗಳನ್ನು ಅದ್ದಿ, ಒಣಗಿಸಿ, ಇಸ್ತ್ರಿ ಹಾಕಿದೆ. ಮಡಿಕೆ ಕಾಗದ ಮಡಿಸಿದಷ್ಟು ಖಡಕ್ಕಾಗಿ ಬಂತು, ಬಹಳ ಖುಷಿ ಆಯಿತು. ಆದರೆ ಮೂರು ಪದರ ಗಂಜಿ ಬಟ್ಟೆಯಲ್ಲಿ ಸೂಜಿ ಹಾಯಿಸಿ ಹಾಯಿಸಿ ಬೆರಳು ತೂತಾದವು. ಮುಗಿಯುವಷ್ಟರಲ್ಲಿ ಜಿರಳೆಗಳು ಒಂದು ಮೂಲೆ ರುಚಿ ನೋಡಿದ್ದವು. ಈಗ ಮೇಲಿನ ತುಂಡಿನ ಅಂಚಿಗೆ ಮಾತ್ರ ಬೆರಳಿನಿಂದ ಸವರುತ್ತೇನೆ, ಹೊಲಿದ ವಾರದೊಳಗೆ ಒಗೆದುಬಿಡುತ್ತೇನೆ.

ಗುಂಪಿನವರೂ ಸುಮ್ಮನೆ ಕೂತಿಲ್ಲ. ತಿಂಗಳಿಗೊಮ್ಮೆ ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರಿ, ಹೊಲಿದದ್ದನ್ನು ಹಾಸಿ, ಗಿರಮಿಟ್ಟು ತಿನ್ನುತ್ತಾ ಒಬ್ಬರದನ್ನೊಬ್ಬರು ಹಳಿಯುವುದು ನಮ್ಮ ಪದ್ಧತಿ. ಒಬ್ಬ ಅಕ್ಕ ಮಗನ ಹಳೇ ಜೀನ್ಸ್‌ಗಳಿಂದ ಕೌದಿ ಮಾಡಿದರು. ಎತ್ತಲು ಇಬ್ಬರು ಬೇಕು, ಒದ್ದೆ ಆದರೆ ನಾಲ್ವರು. ಅದೀಗ ಅವರ ಟ್ರ್ಯಾಕ್ಟರ್ ಸೀಟಿನ ಮೇಲಿದೆ. ಇನ್ನೊಬ್ಬರು ತೀರಿಕೊಂಡ ಅತ್ತೆಯ ಸೀರೆಗಳನ್ನಷ್ಟೇ ಬಳಸಿ ನಾಲ್ಕು ಮಕ್ಕಳಿಗೂ ಒಂದೊಂದು ಹೊಲಿದರು. ಹೊಲಿಗೆ ಸೊಟ್ಟ ಇದ್ದರೂ ಅವತ್ತು ಯಾರೂ ಬಾಯಿ ತೆರೆಯಲಿಲ್ಲ. ಮೆಷಿನ್ ಮೇಲೆ ಹೊಲಿಯುವವರು ಇಬ್ಬರಿದ್ದಾರೆ. ಎರಡು ದಿನದಲ್ಲಿ ಮುಗಿಯುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ. ಹೊದ್ದರೆ ಮಾತ್ರ ರಟ್ಟು ಹೊದ್ದಂತೆ. ಇದು ನನ್ನ ಅಭಿಪ್ರಾಯ, ಜಗಳ ಬೇಡ.

ಮೂಲೆಗೆ ಫೂಲ ಇಡುವುದನ್ನು ನಾನು ಬಿಡುವುದಿಲ್ಲ. ಪುಟ್ಟ ತುಂಡುಗಳನ್ನು ತ್ರಿಕೋನ ಮಡಿಸಿ ಒಂದರ ಮೇಲೊಂದು ಕೂರಿಸುವುದು. ಅದಿಲ್ಲದ ಕೌದಿ ಬತ್ತಲೆ ಅಂತ ಸಿದ್ದಿ ಹೆಣ್ಣುಮಕ್ಕಳು ಹೇಳುತ್ತಾರೆ. ಕೊಳ್ಳುವವರು ಮೊದಲು ಮುಟ್ಟುವುದೂ ಅದನ್ನೇ. ಆದರೆ ಮಾರುವಾಗ ಇದು ಅವರಿಂದ ಕಲಿತದ್ದು ಅಂತ ಹೇಳಿಯೇ ಮಾರುತ್ತೇನೆ. ನಮ್ಮದೇ ಅಂತ ಚೀಟಿ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ.

ಈಗ ರೊಕ್ಕದ ಮಾತು. ಮನೆಯಲ್ಲಿ ಸೀರೆ ಮುಗಿದ ಮೇಲೆ ಹಳೇ ಸೀರೆ ಕೊಳ್ಳಬೇಕಾಯಿತು, ಒಂದಕ್ಕೆ ಐವತ್ತರಿಂದ ಎಂಬತ್ತು. ಟೇಲರ್ ಅಂಗಡಿಯ ಚೂರು ಮೊದಲು ಪುಕ್ಕಟೆ ಸಿಗುತ್ತಿತ್ತು. ನಾನು ವಾರ ವಾರ ಹೋಗುವುದು ಕಂಡು ಅವರೂ ಕಿಲೋಗೆ ಇಷ್ಟು ಅಂತ ಶುರು ಮಾಡಿದರು. ದಾರ ನೂರು ರೂಪಾಯಿ ಆಸುಪಾಸು. ಎಲ್ಲ ಸೇರಿ ಒಂದು ಕೌದಿಗೆ 350–400 ಬೀಳುತ್ತದೆ. ಮಾರುವುದು 2,800ಕ್ಕೆ. ಕೇಳಲು ಚೆಂದ. ಆದರೆ ಕೂತು ಹೊಲಿಯುವುದು ಅರವತ್ತು ತಾಸಂತೂ ಆಗುತ್ತದೆ. ಲೆಕ್ಕ ಹಾಕಿ, ತಾಸಿಗೆ ನಲವತ್ತು ರೂಪಾಯಿ. ಹೊಲದ ಕೂಲಿಗೆ ಹೋದರೆ ಜಾಸ್ತಿ ಬರುತ್ತದೆ ಅಂತ ಮನೆಯವರು ಚುಚ್ಚುವುದರಲ್ಲಿ ತಪ್ಪೇನೂ ಇಲ್ಲ.

ಬೆಂಗಳೂರಿನ ಒಂದು ಅಂಗಡಿ ಐದು ತರಿಸಿಕೊಂಡಿತು. ಮಾರಿದ್ದರಲ್ಲಿ ಮೂರನೇ ಒಂದು ಭಾಗ ಅವರಿಗೆ ಅಂತ ಮಾತು. ಮೂರು ಮಾರಿದರು, ರೊಕ್ಕ ಬರಲು ಎಂಟು ತಿಂಗಳು. ಉಳಿದ ಎರಡನ್ನು "ಹಳೇ ಸೀರೆ ವಾಸನೆ" ಅಂತ ವಾಪಸ್ ಕಳಿಸಿದರು. ಹಳೇ ಸೀರೆಯ ಕೌದಿಗೆ ಹಳೇ ಸೀರೆಯ ವಾಸನೆ ಇಲ್ಲದೆ ಇನ್ನೇನು ಇರಬೇಕು? ಆ ಎರಡನ್ನೂ ಹುಬ್ಬಳ್ಳಿಯ ಒಂದು ಪ್ರದರ್ಶನದಲ್ಲಿ ಹೆಚ್ಚಿನ ಬೆಲೆಗೇ ಮಾರಿದೆ. ಅಂದಿನಿಂದ ಯಾರಿಗೂ ಉದ್ದರಿ ಇಲ್ಲ, ಅರ್ಧ ಮುಂಗಡ. ಲಾಭ ಇರುವುದು ತೊಟ್ಟಿಲ ಕೌದಿಯಲ್ಲಿ. ಹತ್ತು ಹನ್ನೆರಡು ತಾಸಿನ ಕೆಲಸ, 900 ರೂಪಾಯಿ, ಯಾರೂ ಚೌಕಾಸಿ ಮಾಡುವುದಿಲ್ಲ. ಅಜ್ಜಿ ಆಗುವವರ ಜೊತೆ ವ್ಯಾಪಾರ ಮಾಡಿ, ನೋಡಿ.

ಡಬಲ್ ಕಾಟಿನ ಅಳತೆ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಎರಡು ಪನ್ನ ಜೋಡಿಸಿದ ಕಡೆ ಕೆಳಗಿನ ಸೀರೆ ಗಟ್ಟಿಯಾಗಿ ನಿಲ್ಲುತ್ತದೆ, ಮಿಕ್ಕ ಕಡೆ ಕುಗ್ಗುತ್ತದೆ. ನಡುವೆ ತಲುಪಲು ಕೌದಿಯ ಮೇಲೆಯೇ ಹತ್ತಿ ಕೂರಬೇಕು, ಸೊಂಟ ಹೋಗುತ್ತದೆ. ಎರಡು ಸಿಂಗಲ್ ಹೊಲಿದು ಕೊನೆಗೆ ಕೂಡಿಸಿ ನೋಡುವ ಅಂತ ಒಂದನ್ನು ಶುರು ಮಾಡಿದ್ದೇನೆ. ಕಾಕು ಆಗಲೇ ನೋಡಿ ಹೋದರು: "ಜೋಡಿಸಿದಲ್ಲಿ ಹರಿತೈತಿ ನೋಡವಾ." ದಸರೆಯ ಹೊತ್ತಿಗೆ ಗೊತ್ತಾಗುತ್ತದೆ.