ದೊಡ್ಡ ಏಸಿ ಹಾಕ್ಸಿದ್ಮೇಲೆ ತಾರಸಿ ಕಡೆ ನೋಡಿದ್ದು: ನನ್ನ ಅನುಭವ

ಹಳೇ ಮನೆ ರಿಪೇರಿಗೆ ಕೈ ಹಾಕಿದಾಗ ನಾನು ಮಾಡಿದ ಮೊದಲ್ನೇ ಕೆಲ್ಸಾನೇ ತಪ್ಪು. ಮೇಲಿನ ರೂಮು ರಾತ್ರಿ ಹೊತ್ತೂ ಕಾದ ಹೆಂಚಿನ ಥರ ಇರ್ತಿತ್ತು, ಒಂದು ಟನ್ ಏಸಿ ಸಾಲ್ತಿಲ್ಲ ಅಂತ ಒಂದೂವರೆ ಟನ್‌ದು ಹಾಕ್ಸಿದೆ, ಅದೂ ದುಡ್ಡು ಉಳಿಸೋಕೆ ಇನ್ವರ್ಟರ್ ಇಲ್ಲದ ಮಾಡೆಲ್ಲು, ಅಂದ್ರೆ ವೇಗ ಹೆಚ್ಚು ಕಡಿಮೆ ಮಾಡ್ಕೊಳ್ಳದೆ ಓಡಿದ್ರೆ ಪೂರ್ತಿ ಓಡೋದು, ಇಲ್ಲಾಂದ್ರೆ ನಿಲ್ಲೋದು. ರೂಮೇನೋ ತಣ್ಣಗಾಯ್ತು, ಆದ್ರೆ ಆಫ್ ಮಾಡಿದ ಅರ್ಧ ಗಂಟೆಗೆ ಮತ್ತೆ ಅದೇ ಸೆಖೆ, ಮೀಟರಂತೂ ಓಡ್ತಾನೇ ಇತ್ತು.

ಆಮೇಲೆ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಂಡು ಗೋಡೆ, ಕಿಟಕಿ, ಸೀಲಿಂಗು ಎಲ್ಲಾ ಕಡೆ ಹಿಡಿದು ನೋಡ್ದೆ, ಮೂರು ದಿನ, ಬೆಳಗ್ಗೆ ಮಧ್ಯಾಹ್ನ ರಾತ್ರಿ. ರಾತ್ರಿ 9ಕ್ಕೆ ಹೊರಗಡೆ ಗಾಳಿ 29 ಡಿಗ್ರಿ, ಸೀಲಿಂಗು 38! ಕಾಂಕ್ರೀಟ್ ಸ್ಲ್ಯಾಬು ಹಗಲೆಲ್ಲಾ ಬಿಸಿಲು ಕುಡಿದು ನಿಧಾನಕ್ಕೆ ಕೆಳಗಿಳಿಸ್ತಾ, ಸರಿಯಾಗಿ ನಾವು ಮಲಗೋ ಹೊತ್ತಿಗೆ ತಲೆ ಮೇಲೆ ಬಿಡ್ತಿತ್ತು. ಇಷ್ಟು ದಿನ ಕರೆಂಟು ಸುಟ್ಟು ತಾರಸೀನ ತಣ್ಣಗೆ ಮಾಡ್ತಿದ್ದೆ ನಾನು.

ಮೇಸ್ತ್ರಿ ಒಳಗಡೆಯಿಂದ ಥರ್ಮಾಕೋಲ್ ಹಾಕಿ ಫಾಲ್ಸ್ ಸೀಲಿಂಗ್ ಮಾಡೋಣ, ಸುಲಭ ಅಂದ್ರು. ನಾನು ಒಪ್ಲಿಲ್ಲ, ಯಾಕಂದ್ರೆ ಹಾಗೆ ಮಾಡಿದ್ರೆ ಸ್ಲ್ಯಾಬು ಮಾತ್ರ ದಿನಾ ಕಾದು ಹಿಗ್ಗಿ ರಾತ್ರಿ ಕುಗ್ಗೋದು ತಪ್ಪಲ್ಲ, ಬಿರುಕು ಬಿಡೋದು ಅದರಿಂದಾನೇ. ಮೊದ್ಲು ತಾರಸಿ ಮೇಲೆ ಎರಡು ದಿನ ನೀರು ನಿಲ್ಲಿಸಿ ನೋಡಿದ್ವಿ, ಮೂಲೇಲಿ ಒಂದು ಕಡೆ ಸೋರ್ತಿತ್ತು, ಅದನ್ನ ಸರಿ ಮಾಡಿ, ವಾಟರ್‌ಪ್ರೂಫಿಂಗ್ ಆದ್ಮೇಲೆ 50 ಮಿಲಿಮೀಟರ್ ಎಕ್ಸ್‌ಪಿಎಸ್ ಬೋರ್ಡು (ಶಾಖ ತಡೆಯೋ ಗಟ್ಟಿ ಫೋಮ್ ಹಲಗೆ), ಅದರ ಮೇಲೆ ಇಳಿಜಾರು ಕೊಟ್ಟು ಕಾಂಕ್ರೀಟು, ಕೊನೇಗೆ ಬಿಳೀ ಟೈಲ್ಸು. ಬರೀ ಸ್ಲ್ಯಾಬಿಗೆ ಹೋಲಿಸಿದ್ರೆ ಲೆಕ್ಕದಲ್ಲಿ ಶಾಖ ಒಳಗೆ ಬರೋದು ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತೆ. ಈ ನೀರು ನಿಲ್ಸೋ ಪರೀಕ್ಷೆ ಮಾತ್ರ ಬಿಡ್ಬೇಡಿ, ಬೋರ್ಡು ಮುಚ್ಚಿದ್ಮೇಲೆ ಸೋರಿಕೆ ಹುಡುಕೋಕೆ ಎಲ್ಲಾ ಅಗೀಬೇಕಾಗುತ್ತೆ.

ಪಶ್ಚಿಮದ ಕಿಟಕಿ ಇನ್ನೊಂದು ತಲೆನೋವು. ದಪ್ಪ ಕರ್ಟನ್ ಹಾಕಿದ್ದೆ, ಆದ್ರೆ ಬಿಸಿಲು ಗಾಜು ದಾಟಿ ಒಳಗೆ ಬಂದ್ಮೇಲೆ ಕರ್ಟನ್ನೇ ಕಾದು ರೂಮಿಗೆ ಬಿಸಿ ಕೊಡುತ್ತೆ. ಮೇಲೆ ಸಜ್ಜಾ ಇತ್ತು, ಸಂಜೆ ಸೂರ್ಯ ಕೆಳಗಿಳಿದು ನೇರ ನುಗ್ತಾನೆ, ಸಜ್ಜಾ ಏನ್ ಮಾಡುತ್ತೆ ಪಾಪ. ಹೊರಗಡೆ ಬಿದಿರಿನ ತಟ್ಟಿ ಇಳಿಬಿಟ್ಟೆ, ಸಾಕಾಯ್ತು. ಬಾಗಿಲು ಸಂದಿಗೆ ರಬ್ಬರು, 75 ವ್ಯಾಟ್ ಫ್ಯಾನ್ ಬದ್ಲು ಕಮ್ಮಿ ಕರೆಂಟು ತಿನ್ನೋ ಬಿಎಲ್‌ಡಿಸಿ ಮೋಟರ್ ಫ್ಯಾನು, ಇವೆಲ್ಲಾ ಒಂದು ಭಾನುವಾರದ ಕೆಲ್ಸ.

ಈಗ ಫ್ಯಾನ್ ಜೊತೆ ಏಸಿ 26ರಲ್ಲಿಟ್ರೆ ಸಾಕು, ಎಷ್ಟೋ ರಾತ್ರಿ ಅದೂ ಬೇಡ. ತಮಾಷೆ ಏನಂದ್ರೆ ಆ ಒಂದೂವರೆ ಟನ್ ಈ ರೂಮಿಗೆ ಈಗ ಜಾಸ್ತಿ ಆಗಿದೆ, ಬೇಗ ಬೇಗ ಕಟ್ ಆಗುತ್ತೆ, ಗಾಳೀಲಿರೋ ತೇವ ಪೂರ್ತಿ ಎಳಿಯಲ್ಲ, ತಣ್ಣಗಿದ್ರೂ ಮೈ ಜಿಗಿಜಿಗಿ. ಚಿಕ್ಕದು ತರೋಣ ಅಂತ ಮನೇಲಿ ಬಾಯಿ ಬಿಡೋ ಧೈರ್ಯ ಇನ್ನೂ ಬಂದಿಲ್ಲ.