ಅಪ್ಪಯ್ಯನ ಅಡಿಕೆ ಲೆಕ್ಕ ಮತ್ತು ಹ್ಯಾಸ್ಕೆಲ್‌ನ ಶೋ, ರೀಡ್: ನನ್ನ ಅನುಭವ

ನಮ್ಮ ಅಪ್ಪಯ್ಯ ಇಪ್ಪತ್ತೆರಡು ವರ್ಷ ಅಡಿಕೆ ಮಾರಿದ ಲೆಕ್ಕವನ್ನು ಉದ್ದನೆಯ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ತಾರೀಖು, ಬಗೆ, ತೂಕ, ದರ, ಕೈಗೆ ಬಂದ ಹಣ. ನಾವು ತೀರ್ಥಹಳ್ಳಿ ಕಡೆಯವರು, ಹಾಗಾಗಿ ಬಗೆ ಅಂದರೆ ರಾಶಿ, ಬೆಟ್ಟೆ, ಸರಕು, ಗೊರಬಲು. ಊರಲ್ಲಿರುವ ತಂಗಿ ಅದನ್ನೆಲ್ಲ ಕೂತು ಟೈಪ್ ಮಾಡಿದಳು. ಒಂದು ವಹಿವಾಟಿಗೆ ಒಂದು ಸಾಲು, ಮಧ್ಯೆ ಮಧ್ಯೆ ಒಂದು ನಿಂತ ಗೀಟು. ವರ್ಷಕ್ಕೆಷ್ಟು, ಯಾವ ಬಗೆಗೆಷ್ಟು ಎಂದು ಮೊತ್ತ ತೆಗೆಯುವುದು ನನ್ನ ಪಾಲಿಗೆ ಬಂತು. ನಾನು ದಿನಾ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುವವನು, ಅದರಲ್ಲೇ ಬರೆದೆ.

ಕೂಡುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸಾಲನ್ನು, ಡೇಟಾ ಮಾಡುವುದು, ಡೇಟಾವನ್ನು ತಿರುಗಿ ಸ್ಟ್ರಿಂಗ್ ಮಾಡುವುದು ಇದೆಯಲ್ಲ, ಅದು ಮೂರು ಶನಿವಾರ ತಿಂದಿತು. ಆ ಮೂರು ಶನಿವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹ್ಯಾಸ್ಕೆಲ್‌ನಲ್ಲಿ ಇದಕ್ಕೆಂದೇ ಎರಡು ಫಂಕ್ಷನ್ ಇವೆ. ಶೋ ಎಂಬುದು ಬೆಲೆಯನ್ನು, ಅಂದರೆ ಸಂಖ್ಯೆ, ಪಟ್ಟಿಯಂಥ ವ್ಯಾಲ್ಯೂವನ್ನು, ಸ್ಟ್ರಿಂಗ್ ಮಾಡುತ್ತದೆ. ರೀಡ್ ಎಂಬುದು ಸ್ಟ್ರಿಂಗನ್ನು ಬೆಲೆ ಮಾಡುತ್ತದೆ. ನಮ್ಮದೇ ಟೈಪ್, ಅಂದರೆ ಡೇಟಾದ ಮಾದರಿ, ಬರೆದಾಗ ಕೆಳಗೆ ಡಿರೈವಿಂಗ್ ಎಂದು ಬರೆದು ಶೋ, ರೀಡ್ ಎರಡನ್ನೂ ಹೆಸರಿಸಿದರೆ ಸಾಕು, ಕಂಪೈಲರ್ ತಾನೇ ಕೋಡ್ ಬರೆದುಕೊಡುತ್ತದೆ. ಇದರ ಹಿಂದಿರುವುದು ಟೈಪ್ ಕ್ಲಾಸ್ ಎಂಬ ವ್ಯವಸ್ಥೆ: ಒಂದೇ ಹೆಸರಿನ ಫಂಕ್ಷನ್ ಟೈಪಿಗೆ ತಕ್ಕಂತೆ ಬೇರೆ ಬೇರೆ ರೀತಿ ಕೆಲಸ ಮಾಡುತ್ತದೆ. ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ 1989ರಲ್ಲಿ ಅದನ್ನು ಮುಂದಿಟ್ಟರು. ರೀಡ್‌ನಲ್ಲಿ ಅದರ ಚೆಂದ ಚೆನ್ನಾಗಿ ಕಾಣುತ್ತದೆ. 12 ಎಂಬ ಸ್ಟ್ರಿಂಗ್ ಪೂರ್ಣಾಂಕ ಆಗಬೇಕಾ, ದಶಮಾಂಶ ಆಗಬೇಕಾ ಎಂದು ನಾವು ಹೇಳಬೇಕಿಲ್ಲ. ಉತ್ತರವನ್ನು ಮುಂದೆ ಎಲ್ಲಿ ಬಳಸಿದ್ದೇವೆ ಎಂದು ನೋಡಿ ಕಂಪೈಲರ್ ತೀರ್ಮಾನಿಸುತ್ತದೆ. ಸುಳಿವು ಸಿಗದಿದ್ದರೆ ಟೈಪ್ ಸ್ಪಷ್ಟವಿಲ್ಲ ಎಂದು ಅಲ್ಲೇ ನಿಲ್ಲಿಸುತ್ತದೆ.

ಮೊದಲ ಶನಿವಾರ ನಾನೂ ಡಿರೈವಿಂಗ್ ಹಾಕಿ ಪ್ರಿಂಟ್ ಮಾಡಿದೆ. ಕನ್ನಡ ಪದ ಇರಬೇಕಾದ ಜಾಗದಲ್ಲಿ ಬರೀ ಅಂಕಿ, ಓರೆಗೀಟು. ‘ಕನ್ನಡ’ ಎಂಬ ಪದವನ್ನೇ ಶೋಗೆ ಕೊಟ್ಟು ನೋಡಿ, ಬರುವುದು ಹೀಗೆ: "\3221\3240\3277\3240\3233". ಅಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಹಳೆಯ ಪಟ್ಟಿ) ದಾಟಿದ ಪ್ರತಿ ಅಕ್ಷರವನ್ನೂ ಶೋ ಅದರ ಯೂನಿಕೋಡ್ ಸಂಖ್ಯೆಯಾಗಿ ಬರೆಯುತ್ತದೆ; ಯೂನಿಕೋಡ್ ಎಂದರೆ ಬೇರೆ ಬೇರೆ ಭಾಷೆಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ. 3221 ಎಂದರೆ ಕ, 3240 ಎಂದರೆ ನ, 3277 ಎಂದರೆ ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ. ನಾವು ಮೂರಕ್ಷರ ಎನ್ನುವ ಪದ ಹ್ಯಾಸ್ಕೆಲ್‌ಗೆ ಐದು. ಪ್ರಿಂಟ್ ಎಂದರೆ ಶೋ ಮಾಡಿ ತೆರೆಗೆ ಕಳಿಸುವುದು, ಅದಕ್ಕೇ ಹೀಗೆ. ಸ್ಟ್ರಿಂಗನ್ನು ಇದ್ದ ಹಾಗೇ ತೋರಿಸಲು ಪುಟ್‌ಸ್ಟ್ರಿಂಗ್‌ಲೈನ್ ಬೇರೆಯೇ ಇದೆ. ಅದನ್ನು ಬಳಸಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ.

ಆಮೇಲೆ ಒಟ್ಟು ಮೊತ್ತ ನೋಡಿದೆ. ಆಗ ಹಣವನ್ನು ಡಬಲ್ ಎಂಬ ದಶಮಾಂಶ ಸಂಖ್ಯೆಯ ಟೈಪಿನಲ್ಲಿ ಇಟ್ಟಿದ್ದೆ. ವರ್ಷದ ಮೊತ್ತಗಳು ನೆಟ್ಟಗೆ ಬಂದವು. ಇಪ್ಪತ್ತೆರಡು ವರ್ಷದ ಒಟ್ಟು ಮಾತ್ರ 1.064235, ಅದರ ಪಕ್ಕ ಘಾತ ಸೂಚಿಸುವ ಒಂದು ಇಂಗ್ಲಿಷ್ ಅಕ್ಷರ, ಕೊನೆಗೆ 7. ತಂಗಿಗೆ ಕಳಿಸಿದೆ. ‘ಅಣ್ಣ, ಒಂದು ರೂಪಾಯಿ ಆರು ಪೈಸೆನಾ?’ ಎಂದು ಫೋನ್ ಮಾಡಿದಳು. ಅದು 1,06,42,350 ರೂಪಾಯಿ. ಡಬಲ್ ಅನ್ನು ಶೋ ಮಾಡುವಾಗ ಹ್ಯಾಸ್ಕೆಲ್ 0.1ರಿಂದ ಹಿಡಿದು ಒಂದು ಕೋಟಿಯ ಒಳಗಿನ ಸಂಖ್ಯೆಗಳನ್ನು ಮಾತ್ರ ಸಾದಾ ರೀತಿಯಲ್ಲಿ ಬರೆಯುತ್ತದೆ. ಸರಿಯಾಗಿ ಕೋಟಿ ಮುಟ್ಟಿದ ಕ್ಷಣಕ್ಕೆ ಘಾತದ ರೂಪಕ್ಕೆ ಹೋಗುತ್ತದೆ. ಐದು ಪೈಸೆಯೂ ಅಷ್ಟೇ, 0.05 ಎಂದು ಬರುವುದಿಲ್ಲ.

ಇಷ್ಟಾದ ಮೇಲೆ ನನಗೊಂದು ವಿಷಯ ಗಟ್ಟಿಯಾಯಿತು. ಶೋ ಬರೆಯುವುದು ಪ್ರೋಗ್ರಾಮರ್ ಓದಲಿ ಎಂದು. ಅದರ ಉತ್ತರವನ್ನು ಹ್ಯಾಸ್ಕೆಲ್ ಕೋಡಿಗೆ ಹಾಗೇ ಅಂಟಿಸಿದರೆ ಅದೇ ಬೆಲೆ ವಾಪಸ್ ಬರಬೇಕು, ಅದರ ಗುರಿ ಅಷ್ಟೇ. ತಂಗಿ ಓದುವುದಕ್ಕೆ ಬೇರೆ ಫಂಕ್ಷನ್ ಬೇಕು, ಫೈಲಿಗೆ ಬರೆಯುವುದಕ್ಕೂ ಬೇರೆ ಬೇಕು.

ಫೈಲಿನ ಪಾಠ ನಾನು ಹಿಂದೆಯೇ ಕಲಿಯಬೇಕಿತ್ತು. ಹಿಂದೊಮ್ಮೆ ಕೆಲಸದಲ್ಲಿ ಒಂದು ರೆಕಾರ್ಡನ್ನು (ಹೆಸರಿಟ್ಟ ಫೀಲ್ಡುಗಳ ಗುಂಪು) ಶೋ ಮಾಡಿ ಫೈಲಲ್ಲಿ ಉಳಿಸಿ, ರೀಡ್ ಮಾಡಿ ತೆಗೆಯುತ್ತಿದ್ದೆ. ತಿಂಗಳಾದ ಮೇಲೆ ಟೈಪಿಗೆ ಒಂದು ಫೀಲ್ಡ್ ಜಾಸ್ತಿ ಸೇರಿಸಿದೆ. ಹಳೆಯ ಫೈಲ್ ಒಂದೂ ತೆರೆಯಲಿಲ್ಲ. ಡಿರೈವ್ ಮಾಡಿದ ರೀಡ್‌ಗೆ ಎಲ್ಲ ಫೀಲ್ಡೂ ಇರಬೇಕು, ಟೈಪಿನಲ್ಲಿ ಬರೆದ ಕ್ರಮದಲ್ಲೇ ಇರಬೇಕು.

ಎರಡನೇ ಶನಿವಾರ ಹಣವನ್ನು ಪೈಸೆಯ ಪೂರ್ಣಾಂಕ ಮಾಡಿದೆ, ತೂಕವನ್ನು ಗ್ರಾಮಿನ ಪೂರ್ಣಾಂಕ ಮಾಡಿದೆ. ನಮ್ಮ ರೀತಿಯಲ್ಲಿ ಅಲ್ಪವಿರಾಮ ಹಾಕುವ ಫಂಕ್ಷನ್ ಬರೆದೆ. ಇದು ಲಿಸ್ಟ್‌ಗಳಲ್ಲಿ ಬಹಳ ಸಲೀಸು. ಅಂಕಿಗಳ ಸ್ಟ್ರಿಂಗನ್ನು ತಿರುಗಿಸಬೇಕು, ಮೊದಲು ಮೂರು ಅಂಕಿ ತೆಗೆಯಬೇಕು, ಉಳಿದದ್ದನ್ನು ಎರಡೆರಡಾಗಿ ಕತ್ತರಿಸಬೇಕು, ಅಲ್ಪವಿರಾಮ ಸೇರಿಸಿ ಪೂರ್ತಿ ಇನ್ನೊಮ್ಮೆ ತಿರುಗಿಸಬೇಕು. ಓದುವಾಗ ಅಲ್ಪವಿರಾಮಗಳನ್ನು ತೆಗೆದು ಹಾಕಿದರೆ ಆಯಿತು.

ಇನ್ನು ತಂಗಿಯ ಫೈಲನ್ನು ಓದುವ ಕಡೆ. ಮೊದಲು ಸುಮ್ನೆ ರೀಡ್ ಹಾಕಿದ್ದೆ. ‘ನೋ ಪಾರ್ಸ್’ ಎಂದು ಪ್ರೋಗ್ರಾಮೇ ನಿಂತಿತು. ಎಷ್ಟನೇ ಸಾಲು, ಯಾವ ಸ್ಟ್ರಿಂಗ್, ಏನೂ ಹೇಳಲಿಲ್ಲ. ಹೊರಗಿನಿಂದ ಬಂದ ಡೇಟಾಕ್ಕೆ ರೀಡ್ ಬಳಸಲೇಬಾರದು, ಇದನ್ನು ನಾನು ಒತ್ತಿ ಹೇಳುತ್ತೇನೆ. ಟೆಕ್ಸ್ಟ್.ರೀಡ್ ಮಾಡ್ಯೂಲಿನಲ್ಲಿ ರೀಡ್‌ಮೇಬಿ ಇದೆ. ಓದಲು ಬಂದರೆ ಜಸ್ಟ್ ಜೊತೆ ಬೆಲೆ ಕೊಡುತ್ತದೆ, ಬರದಿದ್ದರೆ ನಥಿಂಗ್. ಅದರ ಸುತ್ತ ನಾನು ಇನ್ನೊಂದು ಫಂಕ್ಷನ್ ಬರೆದೆ. ನಥಿಂಗ್ ಬಂದರೆ ಅದು ಸಾಲಿನ ನಂಬರ್, ಅಂಕಣದ ಹೆಸರು, ಓದಲು ಆಗದ ಸ್ಟ್ರಿಂಗ್ ಮೂರನ್ನೂ ಲೆಫ್ಟ್ ಒಳಗೆ, ಅಂದರೆ ತಪ್ಪಾಗಿದೆ ಎಂದು ಹೇಳುವ ಹೊದಿಕೆಯೊಳಗೆ, ಇಟ್ಟು ಕೊಡುತ್ತದೆ. ಎಲ್ಲ ಸಾಲನ್ನೂ ಓದಿ ಮುಗಿಸಿದ ಮೇಲೆ ತಪ್ಪುಗಳನ್ನೆಲ್ಲ ಒಟ್ಟಿಗೆ ತೋರಿಸುತ್ತೇನೆ. ಒಂದೊಂದೇ ತಪ್ಪು ಹೇಳಿ ತಂಗಿಯನ್ನು ಇಪ್ಪತ್ತು ಸಲ ಓಡಾಡಿಸುವುದು ಸರಿಯಲ್ಲ, ಅಲ್ವಾ?

ಹಾಗೆ ತೋರಿಸಿದಾಗ ಮುನ್ನೂರಕ್ಕೂ ಜಾಸ್ತಿ ಸಾಲು ಹೊರಬಂದವು. ಅವಳು ತಪ್ಪೇನೂ ಮಾಡಿರಲಿಲ್ಲ. ಅಪ್ಪಯ್ಯ ಬರೆದ ಹಾಗೇ ೧೫೨, ೪೮ ಎಂದು ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದ್ದಳು. ಹ್ಯಾಸ್ಕೆಲ್‌ನ ರೀಡ್ ಈ ಅಂಕಿಗಳನ್ನು ಓದುವುದಿಲ್ಲ. ಇದು ಅಂಕಿಯಾ ಎಂದು ಕೇಳುವ ಈಸ್‌ಡಿಜಿಟ್ ಕೂಡ 0ರಿಂದ 9ರವರೆಗಿನ ಅಸ್ಕಿ ಅಂಕಿಗೆ ಮಾತ್ರ ಹೌದು ಎನ್ನುತ್ತದೆ. ‘ಎಲ್ಲಾ ಬದಲಾಯಿಸಲಾ ಅಣ್ಣ?’ ಎಂದು ಕೇಳಿದಳು. ಬೇಡ ಎಂದೆ. ಯೂನಿಕೋಡಿನಲ್ಲಿ ೦ ಇರುವುದು 3302ರಲ್ಲಿ, ೯ ಇರುವುದು 3311ರಲ್ಲಿ, ಹತ್ತೂ ಸಾಲಾಗಿವೆ. ಅಕ್ಷರದ ಸಂಖ್ಯೆ ಈ ಎರಡರ ನಡುವೆ ಇದ್ದರೆ 3302 ಕಳೆದು ಅಸ್ಕಿ ಅಂಕಿ ಮಾಡು, ಇಲ್ಲದಿದ್ದರೆ ಇದ್ದ ಹಾಗೇ ಬಿಡು. ಎರಡು ಸಾಲಿನ ಫಂಕ್ಷನ್. ಅದನ್ನು ಸ್ಟ್ರಿಂಗಿನ ಮೇಲೆ ಮ್ಯಾಪ್ ಮಾಡಿ, ಅಂದರೆ ಒಂದೊಂದು ಅಕ್ಷರಕ್ಕೂ ಹಚ್ಚಿ, ಆಮೇಲೆ ಓದಿದೆ. ಅಪ್ಪಯ್ಯನ ಅಂಕಿ ಫೈಲಿನಲ್ಲಿ ಹಾಗೇ ಉಳಿಯಿತು.

ರೀಡ್ ಒಂದು ಕಡೆ ಹೀಗೆ ಬಿಗಿ, ಇನ್ನೊಂದು ಕಡೆ ಸಡಿಲ. .5 ಎಂದರೂ ಒಪ್ಪುವುದಿಲ್ಲ, 5. ಎಂದರೂ ಒಪ್ಪುವುದಿಲ್ಲ, +5 ಕೂಡ ಇಲ್ಲ. ಆದರೆ ಕಂಸದೊಳಗೆ (12) ಎಂದು ಬರೆದರೆ 12 ಎಂದು ಖುಷಿಯಾಗಿ ಓದುತ್ತದೆ. ಅದು ಓದುವುದು ಹ್ಯಾಸ್ಕೆಲ್ ಬರೆಯುವ ರೀತಿಯನ್ನು, ಜನ ಬರೆಯುವ ರೀತಿಯನ್ನಲ್ಲ. ಹಾಗಾಗಿ ತೂಕಕ್ಕೆ ಬಿಂದುವಿನ ಹಿಂದಿನ ಭಾಗ, ಮುಂದಿನ ಭಾಗ ಎಂದು ಒಡೆದು ನಾನೇ ಓದಿದೆ.

ಅಡಿಕೆಯ ಬಗೆಗೆ ಮಾಡಿದ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ನಾಲ್ಕು ಬಗೆ, ನಾಲ್ಕು ಕನ್‌ಸ್ಟ್ರಕ್ಟರ್, ಅಂದರೆ ಒಂದೊಂದು ಬಗೆಗೂ ಕೋಡಿನಲ್ಲಿ ಒಂದೊಂದು ಹೆಸರು. ಕನ್‌ಸ್ಟ್ರಕ್ಟರ್ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬುದೇ ಇಲ್ಲ, ಹಾಗಾಗಿ ಆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟೆ. ಕನ್ನಡ ಹೆಸರು ಕೊಡುವ ಫಂಕ್ಷನ್ ಒಂದನ್ನು ಮಾತ್ರ ಕೈಯಾರೆ ಬರೆದೆ, ನಾಲ್ಕೇ ಸಾಲು. ಹೆಸರಿನಿಂದ ಬಗೆಗೆ ಹೋಗುವ ಫಂಕ್ಷನ್ ಬರೆಯಲೇ ಇಲ್ಲ. ಟೈಪಿಗೆ ಈನಮ್, ಬೌಂಡೆಡ್ ಎರಡನ್ನೂ ಡಿರೈವ್ ಮಾಡಿದರೆ ಮಿನ್‌ಬೌಂಡ್‌ನಿಂದ, ಅಂದರೆ ಮೊದಲ ಬಗೆಯಿಂದ, ಶುರು ಮಾಡಿ ಎಲ್ಲ ಬಗೆಗಳ ಪಟ್ಟಿ ಸಿಗುತ್ತದೆ. ಪ್ರತಿಯೊಂದಕ್ಕೂ ಅದರ ಕನ್ನಡ ಹೆಸರು ಜೋಡಿಸಿ, ಆ ಪಟ್ಟಿಯಲ್ಲಿ ಹೆಸರನ್ನು ಲುಕ್ಅಪ್ ಮಾಡಿದರೆ, ಅಂದರೆ ಹುಡುಕಿದರೆ, ಆಯಿತು. ನಾಳೆ ಐದನೇ ಬಗೆ ಸೇರಿಸಿದರೆ ಹೋಗುವ ದಾರಿಗೆ ಒಂದು ಸಾಲು ಸೇರುತ್ತದೆ, ಬರುವ ದಾರಿ ತಾನಾಗಿಯೇ ಆಗುತ್ತದೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವ ಪ್ರಶ್ನೆಯೇ ಇಲ್ಲ.

ತೂಕಕ್ಕೆ ಮಾತ್ರ ಎರಡೂ ದಾರಿ ಕೈಯಾರೆ ಬರೆದಿದ್ದೆ, ಹಾಗಾಗಿ ಪರೀಕ್ಷೆ ಬೇಕಿತ್ತು. ಕ್ವಿಕ್‌ಚೆಕ್ ಇದಕ್ಕೆ ಹೇಳಿ ಮಾಡಿಸಿದ ಲೈಬ್ರರಿ. ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. ನಾವು ಉದಾಹರಣೆ ಬರೆಯಬೇಕಿಲ್ಲ, ನಿಯಮ ಬರೆದರೆ ಸಾಕು. ನನ್ನ ನಿಯಮ ಇಷ್ಟು: ಯಾವುದೇ ತೂಕವನ್ನು ಸ್ಟ್ರಿಂಗ್ ಮಾಡಿ, ಅದನ್ನು ತಿರುಗಿ ಓದಿದರೆ ಅದೇ ತೂಕ ಸಿಗಬೇಕು. ಕ್ವಿಕ್‌ಚೆಕ್ ತಾನೇ ನೂರು ತೂಕ ಹುಟ್ಟಿಸಿ ನೋಡುತ್ತದೆ. ಓಡಿಸಿದ ಕೂಡಲೇ ನಿಯಮ ಮುರಿಯಿತು. ತಪ್ಪನ್ನು ಸಣ್ಣದು ಮಾಡುತ್ತಾ ಹೋಗಿ ಅದು ನನ್ನ ಮುಂದೆ ಇಟ್ಟದ್ದು 1 ಗ್ರಾಮ್. ಕಿಲೋ, ಬಿಂದು, ಗ್ರಾಮ್ ಎಂದು ಸುಮ್ನೆ ಜೋಡಿಸಿದ್ದೆ. 1 ಗ್ರಾಮ್ 0.1 ಎಂದು ಬರೆದುಕೊಳ್ಳುತ್ತಿತ್ತು. ತಿರುಗಿ ಓದಿದಾಗ 100 ಗ್ರಾಮ್. 12 ಕಿಲೋ 50 ಗ್ರಾಮ್ ಇದ್ದದ್ದು 12.50 ಆಗಿ, ಅರ್ಧ ಕಿಲೋ ಹತ್ತಿರ ಹೆಚ್ಚಾಗುತ್ತಿತ್ತು. ಗ್ರಾಮಿನ ಎಡಕ್ಕೆ ಸೊನ್ನೆ ತುಂಬಿ ಮೂರು ಅಂಕಿ ಮಾಡಿದೆ, ನಿಯಮ ನಿಂತಿತು. ಕಣ್ಣಲ್ಲಿ ನೋಡಿ ನಾನಿದನ್ನು ಹಿಡಿಯುತ್ತಿರಲಿಲ್ಲ.

ಮೂರನೇ ಶನಿವಾರ ಎಲ್ಲ ಓಡಿತು. ಹನ್ನೊಂದು ಸಾಲು ಮಾತ್ರ ಲೆಫ್ಟ್‌ನಲ್ಲೇ ನಿಂತವು. ಹನ್ನೊಂದರಲ್ಲೂ ಬಗೆ ಗೊರಬಲು. ಸಂದೇಶ ಹೇಳುತ್ತಿತ್ತು: ‘ಗೊರಬಲು’ ಎಂಬ ಬಗೆ ಗೊತ್ತಿಲ್ಲ. ನನ್ನ ಪಟ್ಟಿಯಲ್ಲಿ ಗೊರಬಲು ಇದೆ. ಅಕ್ಷರಕ್ಕೆ ಅಕ್ಷರ ಹೋಲಿಸಿದೆ, ಒಂದೇ. ಉಳಿದ ಗೊರಬಲು ಸಾಲುಗಳೆಲ್ಲ ಸರಿಯಾಗಿ ಓದಿಸಿಕೊಳ್ಳುತ್ತಿವೆ. ಒಂದು ಗಂಟೆ ಹೀಗೇ ಹೋಯಿತು.

ಕೊನೆಗೆ ಎರಡನ್ನೂ ಶೋ ಮಾಡಿದೆ. ಸರಿಯಿದ್ದ ಸಾಲು \3223\3274\3248 ಎಂದು ಶುರುವಾಯಿತು. ಕೆಟ್ಟ ಸಾಲು \3223\3270\3266\3248 ಎಂದು. ಒಂದರಲ್ಲಿ ಆರು, ಇನ್ನೊಂದರಲ್ಲಿ ಏಳು. ಗೊ ಎಂಬಲ್ಲಿನ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಅದು 3274. ಎಕಾರದ ಚಿಹ್ನೆ 3270, ಅದರ ಹಿಂದೆ ಊಕಾರದ ಚಿಹ್ನೆ 3266 ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ. ಆ ಹನ್ನೊಂದು ಸಾಲು ತಂಗಿ ಹಿಂದೆ ಯಾವಾಗಲೋ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ, ಆಮೇಲೆ ಯೂನಿಕೋಡಿಗೆ ಬದಲಾಯಿಸಿದವು. ಮೊದಲ ದಿನ ನನಗೆ ಬೇಸರ ತಂದ ಆ ಓರೆಗೀಟು, ಅಂಕಿಗಳೇ ಇಲ್ಲಿ ಕಣ್ಣಿಗೆ ಕಾಣದ್ದನ್ನು ತೋರಿಸಿದವು.

ಯೂನಿಕೋಡ್-ಟ್ರಾನ್ಸ್‌ಫಾರ್ಮ್ಸ್ ಎಂಬ ಪ್ಯಾಕೇಜ್ ಸೇರಿಸಿ, ಓದುವ ಮೊದಲೇ ಪ್ರತಿ ಸಾಲನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದೆ. ಆ ರೂಪದಲ್ಲಿ ಬಿಡಿ ಚಿಹ್ನೆಗಳು ಕೂಡಿ ಒಂದಾಗುತ್ತವೆ. ಹನ್ನೊಂದು ಸಾಲೂ ಒಳಗೆ ಬಂದವು. ಗೊರಬಲಿನ ಮೊತ್ತವನ್ನು ತಂಗಿಗೆ ಓದಿ ಹೇಳಿದೆ. ಅವಳು ಅಪ್ಪಯ್ಯನ ಪುಸ್ತಕದ ಹಿಂದಿನ ಪುಟ ತೆಗೆದು, ಅಲ್ಲಿ ಪೆನ್ಸಿಲಿನಲ್ಲಿ ಕೂಡಿದ್ದನ್ನು ಓದಿದಳು. ರೂಪಾಯಿ ಪೈಸೆ ಸಮೇತ ತಾಳೆಯಾಯಿತು.